ಕೊಟ್ಟ ಮಾತು, ಬೆಳೆದ ಮೆಣಸು

ಹಿರೇಕೊಡಿಗೆ ಕಡೆ ಅಡಿಕೆ ತೋಟ ಅಂದರೆ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯೂ ಸೇರಿಯೇ ಲೆಕ್ಕ. ಅಡಿಕೆ ದುಡ್ಡಿನಲ್ಲಿ ಮನೆ ನಡೆದರೆ, ಮಕ್ಕಳ ಓದು, ಮದುವೆ, ಆಸ್ಪತ್ರೆಗೆ ಕಾಳುಮೆಣಸು. ಚೆನ್ನಾಗಿ ಒಣಗಿಸಿ ಚೀಲ ಕಟ್ಟಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ, ದರ ಬಂದಾಗ ಮಾರಬಹುದು. 2015ರ ಹೊತ್ತಿಗೆ ಕಿಲೋಗೆ 600 ರೂಪಾಯಿ ದಾಟಿದ್ದ ಈ ಕಾಳು 2017ರ ಕೊನೆಗೆ 400ರ ಆಸುಪಾಸಿಗೆ ಇಳಿಯಿತು. ಆಗ ಎದ್ದ ಜಗಳದಲ್ಲಿ ಒಂದು ದೊಡ್ಡ ಪ್ರಶ್ನೆ ಇತ್ತು: ಹೊರದೇಶಕ್ಕೆ ಕೊಟ್ಟ ಮಾತನ್ನು ಸರ್ಕಾರ ಉಳಿಸಿಕೊಳ್ಳಬೇಕೋ, ಊರಿನ ಬೆಳೆಗಾರರನ್ನು ಉಳಿಸಬೇಕೋ?

ಮಾತು ಕೊಟ್ಟದ್ದು 1998ರ ಡಿಸೆಂಬರ್ 28ರಂದು. ಪ್ರಧಾನಿ ವಾಜಪೇಯಿ ಮತ್ತು ಶ್ರೀಲಂಕಾ ಅಧ್ಯಕ್ಷೆ ಚಂದ್ರಿಕಾ ಕುಮಾರತುಂಗ ದೆಹಲಿಯಲ್ಲಿ ಮುಕ್ತ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದರು. 2000ದ ಮಾರ್ಚ್‌ನಿಂದ ಅದು ಜಾರಿಗೆ ಬಂತು. ಮುಂದೆ ವರ್ಷಕ್ಕೆ 2,500 ಟನ್ ಶ್ರೀಲಂಕಾ ಮೆಣಸು ಸುಂಕವಿಲ್ಲದೆ ಬರುವಂತಾಯಿತು. ಸಾರ್ಕ್ ದೇಶಗಳ ಇನ್ನೊಂದು ಒಪ್ಪಂದದಡಿ ಬಂದರೆ ಶೇ 8 ಸುಂಕ. ವಿಯೆಟ್ನಾಂ ಮೆಣಸಿಗೆ ಮಾತ್ರ ಶೇ 50ಕ್ಕಿಂತ ಹೆಚ್ಚು ಸುಂಕವಿತ್ತು. 2009ರ ಆಸಿಯಾನ್ ಒಪ್ಪಂದ ಅದನ್ನು ಶೇ 70ರಿಂದ ಶೇ 50ಕ್ಕೆ ನಿಧಾನವಾಗಿ ಇಳಿಸುತ್ತಿತ್ತು.

ಸಮಸ್ಯೆ ಇದ್ದದ್ದು ಈ ಸುಂಕಗಳ ನಡುವಿನ ಅಂತರದಲ್ಲಿ. ವಿಯೆಟ್ನಾಂ ಮೆಣಸು ಕೊಲಂಬೊಗೆ ಬಂದು, ‘ಶ್ರೀಲಂಕಾದಲ್ಲಿ ಬೆಳೆದದ್ದು’ ಎಂಬ ಪ್ರಮಾಣಪತ್ರ ಹೊತ್ತು ನಮ್ಮ ಬಂದರಿಗೆ ಇಳಿಯುತ್ತಿದೆ ಎಂಬುದು ಬೆಳೆಗಾರರ ಸಂಘಟನೆಗಳ ಆರೋಪ. ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರು ಆಮದು ತಡೆಯಿರಿ ಎಂದು ಪಟ್ಟು ಹಿಡಿದರು.

ಎದುರು ವಾದವನ್ನೂ ತಳ್ಳಿಹಾಕುವಂತಿರಲಿಲ್ಲ. ಮೆಣಸಿನ ಸತ್ವ ತೆಗೆದು ರಫ್ತು ಮಾಡುವ ಕಾರ್ಖಾನೆಗಳಿಗೆ ಘಾಟು ಹೆಚ್ಚಿರುವ ಶ್ರೀಲಂಕಾ ಮೆಣಸು ಬೇಕು. ಅದು ನಿಂತರೆ ನಮ್ಮ ರಫ್ತೇ ನಿಲ್ಲುತ್ತದೆ ಎಂದು ಅವರು ಹೇಳಿದರು. ಅಲ್ಲಿನ ಮಾತಲೆ, ಕ್ಯಾಂಡಿ ಕಡೆ ಮೆಣಸು ಬೆಳೆಯುವವರಲ್ಲಿ ಹೆಚ್ಚಿನವರು ನಮ್ಮ ಹಾಗೇ ಸಣ್ಣ ಹಿಡುವಳಿದಾರರು. ಇವತ್ತು ನಾವು ಮಾತು ಮುರಿದರೆ ನಾಳೆ ನಮ್ಮ ಸರಕಿಗೂ ಇನ್ನೊಬ್ಬರು ಬಾಗಿಲು ಹಾಕಬಹುದು ಎಂಬ ಎಚ್ಚರಿಕೆಯೂ ಇತ್ತು.

2017ರ ಡಿಸೆಂಬರ್ 6ರಂದು ಕೇಂದ್ರ ವಾಣಿಜ್ಯ ಸಚಿವಾಲಯ ನಡುವಿನ ದಾರಿ ಹಿಡಿಯಿತು. ಒಪ್ಪಂದ ಹರಿಯಲಿಲ್ಲ, ಸುಂಕವನ್ನೂ ಏರಿಸಲಿಲ್ಲ. ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಗೊತ್ತುಮಾಡಿತು. 2018ರ ಮಾರ್ಚ್‌ನಲ್ಲಿ ನಿಯಮ ಇನ್ನೂ ಬಿಗಿಯಾಯಿತು: 500ಕ್ಕಿಂತ ಕಡಿಮೆ ಬೆಲೆಯ ಮೆಣಸಿನ ಆಮದೇ ನಿಷಿದ್ಧ.

ಊರಲ್ಲಿ ಸಂತೋಷವಾಯಿತು. ಆದರೆ ದರ 500ಕ್ಕೆ ಏರಲಿಲ್ಲ, ಮುಂದಿನ ಎರಡು ವರ್ಷ 300–400ರ ನಡುವೆಯೇ ಹೊಯ್ದಾಡಿತು. 300 ರೂಪಾಯಿಯ ಮೆಣಸಿಗೆ 500 ಎಂದು ಬಿಲ್ ಬರೆಸಿ ತರುತ್ತಿದ್ದಾರೆ ಎಂದು ಬೆಳೆಗಾರರು ದೂರಿದರು. ಸಾಮಾನ್ಯವಾಗಿ ಬಿಲ್ಲಿನ ಮೊತ್ತ ಏರಿದರೆ ಸುಂಕವೂ ಏರುತ್ತದೆ. ಆದರೆ ಸುಂಕವೇ ಇಲ್ಲದ ಸರಕಿಗೆ ಬೆಲೆ ಎಷ್ಟು ಬರೆದರೂ ಆಮದು ಸುಂಕ ಸೊನ್ನೆಯೇ.

ನಮಗೆ ಕಾಣುವ ಮುಖ್ಯ ಮಾತು ಇದು. ‘ಒಪ್ಪಂದ ಪಾಲಿಸಿ’ ಎಂದವರೂ ‘ಬಿಡಿ’ ಎಂದವರೂ ಜಗಳ ಆಡಿದ್ದು ಸಹಿ ಬಿದ್ದು ಸುಮಾರು ಇಪ್ಪತ್ತು ವರ್ಷದ ಮೇಲೆ. ಅಷ್ಟು ಹೊತ್ತಿಗೆ ಒಪ್ಪಂದ ಮುರಿದರೆ ಒಬ್ಬರಿಗೆ ನಷ್ಟ, ಪಾಲಿಸಿದರೆ ಇನ್ನೊಬ್ಬರಿಗೆ. ಸಂವಿಧಾನದ ಏಳನೇ ಅನುಸೂಚಿ ನೋಡಿ. ರಾಜ್ಯ ಪಟ್ಟಿಯ 14ನೇ ವಿಷಯ ಕೃಷಿ. ಕೇಂದ್ರ ಪಟ್ಟಿಯ 14ನೇ ವಿಷಯ ಹೊರದೇಶಗಳ ಜೊತೆಗಿನ ಒಪ್ಪಂದ. ಬೆಳೆಯ ಹೊಣೆ ಬೆಂಗಳೂರಿನದು, ಅದರ ಸುಂಕದ ಸಹಿ ದೆಹಲಿಯದು. ಸಹಿಗೆ ಮೊದಲು ಸಂಸತ್ತಿನ ಒಪ್ಪಿಗೆ ಪಡೆಯಬೇಕೆಂಬ ಕಡ್ಡಾಯವೂ ಇಲ್ಲ.

2022ರಲ್ಲಿ ಇದೇ ಕತೆ ಅಡಿಕೆಗೂ ಬಂತು. ಕನಿಷ್ಠ ಆಮದು ಬೆಲೆಯ ಷರತ್ತಿಲ್ಲದೆ ಭೂತಾನ್‌ನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆ ತರಲು ಕೇಂದ್ರ ಅನುಮತಿ ಕೊಟ್ಟಿತು. ಸುದ್ದಿ ಪತ್ರಿಕೆಯಲ್ಲಿ ಬಂದ ಮೇಲೆ ಮಲೆನಾಡಿನಲ್ಲಿ ಪ್ರತಿಭಟನೆ ನಡೆಯಿತು. ಆಗಲೂ ಆದೇಶ ಮೊದಲು, ಮಾತು ಆಮೇಲೆ.

ಇಂಥ ಹೆಚ್ಚಿನ ಒಪ್ಪಂದಗಳಿಗೆ ರಿಯಾಯಿತಿ ಕೊಡದ ಸರಕುಗಳ ಒಂದು ಪಟ್ಟಿ ಇರುತ್ತದೆ. ಮೆಣಸು, ಅಡಿಕೆ ಆ ಪಟ್ಟಿಯಲ್ಲಿ ಇವೆಯೇ ಎಂದು ನಮ್ಮ ಸಂಸದರನ್ನು ಕೇಳಬೇಕಾದದ್ದು ಮಾತುಕತೆ ನಡೆಯುತ್ತಿರುವಾಗ. ಸಹಿ ಆದ ಮೇಲೆ ಕೊಪ್ಪದಲ್ಲಿ ರಸ್ತೆ ತಡೆದರೆ ನಿಲ್ಲುವುದು ನಮ್ಮ ಬಸ್ಸುಗಳೇ.