ಎರಡನೇ ಊರು

ನಾನು ಮೊದಲು ‘ಸಿವಿಲೈಸೇಶನ್’ ಆಡಿದ್ದು ಅಣ್ಣನ ಡಾಸ್ ಕಂಪ್ಯೂಟರಿನಲ್ಲಿ. ಕಪ್ಪು ಪರದೆಯ ನಡುವೆ ಹಿಡಿಯಷ್ಟು ನೆಲ, ಅದರ ಮೇಲೆ ಮಿಣುಗುಡುವ, ಊರು ಕಟ್ಟುವ ಒಬ್ಬ ಸೆಟ್ಲರ್. ಕಾಲ ಕ್ರಿ.ಪೂ. 4000. “ಬಿ ಒತ್ತು” ಅಂದ ಅಣ್ಣ. ಒತ್ತಿದೆ, ಊರು ಹುಟ್ಟಿತು.

ಸಿಡ್ ಮೈಯರ್ ಮತ್ತು ಬ್ರೂಸ್ ಶೆಲಿ ರೂಪಿಸಿದ ಈ ಆಟವನ್ನು ಮೈಕ್ರೋಪ್ರೋಸ್ ಹೊರತಂದದ್ದು 1991ರಲ್ಲಿ. ಮೊದಲ ಊರು ಸಾಮಾನ್ಯವಾಗಿ ಇಳಿದಲ್ಲೇ ಆಗುತ್ತದೆ. ತಲೆ ಓಡಿಸಬೇಕಾದದ್ದು ಎರಡನೆಯದಕ್ಕೆ.

ಆಗ ಒಂದು ಊರಿನ ಕೈಗೆಟಕುತ್ತಿದ್ದ ನೆಲ 21 ಚೌಕ. ಊರು ನಿಂತ ಚೌಕವಂತೂ ಯಾರೂ ದುಡಿಯದಿದ್ದರೂ ಫಲ ಕೊಡುತ್ತಿತ್ತು. ಅಂದರೆ ಒಂದೇ ಒಕ್ಕಲಿನ ಊರಿಗೂ ಎರಡು ಚೌಕದ ಹುಟ್ಟುವಳಿ. ಈ ಗುಟ್ಟು ಹಿಡಿದವರು ಪೈರು ನೆಟ್ಟ ಹಾಗೆ ಒತ್ತೊತ್ತಾಗಿ ಊರು ನೆಡುತ್ತಾ ಹೋದರು. ‘ಇನ್ಫಿನಿಟ್ ಸಿಟಿ ಸ್ಪ್ರಾಲ್’ ಎಂದು ಅದಕ್ಕೆ ಹೆಸರೂ ಬಿತ್ತು. ಗೆಲುವು ಸಿಗುತ್ತಿತ್ತು ನಿಜ. ಆದರೆ ಹೊಳೆ, ಗುಡ್ಡ, ಬಯಲು ನೋಡಿ ಜಾಗ ಆರಿಸುವ ಸುಖವೇ ಅದರಲ್ಲಿರಲಿಲ್ಲ. ಸರಣಿಯ ಮುಂದಿನ ಆಟಗಳನ್ನು ರೂಪಿಸಿದವರು ಇದಕ್ಕೆ ಲಗಾಮು ಹಾಕಿದ್ದು ಒಳ್ಳೆಯದೇ ಆಯಿತು. 2001ರ ಮೂರನೇ ಆಟದಲ್ಲಿ ರಾಜಧಾನಿಯಿಂದ ದೂರವಾದಷ್ಟೂ ಭ್ರಷ್ಟಾಚಾರ ಹೆಚ್ಚು. 2005ರ ನಾಲ್ಕನೆಯದರಲ್ಲಿ ಊರು ಹೆಚ್ಚಿದಷ್ಟೂ ಬೊಕ್ಕಸದ ಮೇಲೆ ಭಾರ.

ನನ್ನ ಕೈ ಪಳಗಿದ್ದು 2016ರ ಆರನೆಯದರಲ್ಲಿ. ಅಲ್ಲಿ ಜನ ಬೆಳೆಯಲು ವಸತಿ ಬೇಕು: ಸಿಹಿನೀರಿನ ಪಕ್ಕದ ಊರಿಗೆ 5 ವಸತಿ, ಸಮುದ್ರದ ದಡಕ್ಕೆ 3, ನೀರಿಲ್ಲದ ಕಡೆ ಎರಡೇ. ಹಾಗಾಗಿ ಒಮ್ಮೆ ಹೊಳೆಯ ತಿರುವೊಂದು ಕಂಡಾಗ ಮನಸ್ಸು ತಡೆಯಲಿಲ್ಲ. ಊರಿನ ಜನಸಂಖ್ಯೆಯಲ್ಲಿ ಒಂದನ್ನು ಕಳೆದುಕೊಂಡು ತಯಾರು ಮಾಡಿದ ಸೆಟ್ಲರನ್ನು ಕಾವಲಿಲ್ಲದೆ ಕಳಿಸಿದೆ. ಅದಕ್ಕೆ ಮುಂಚೆಯೇ ಬಾರ್ಬೇರಿಯನ್ ಸ್ಕೌಟ್ ಒಬ್ಬ ನನ್ನ ಊರು ನೋಡಿ, ತಲೆಯ ಮೇಲೆ ಆಶ್ಚರ್ಯಸೂಚಕ ಚಿಹ್ನೆ ಹೊತ್ತು, ಶಿಬಿರದ ಕಡೆ ಓಡಿದ್ದ. ಅವನು ಅಲ್ಲಿಗೆ ಮುಟ್ಟುವುದರೊಳಗೆ ಹೊಡೆಯಬೇಕು, ಇಲ್ಲದಿದ್ದರೆ ಶಿಬಿರದಿಂದ ದಾಳಿ ಬರುತ್ತದೆ. ಆದರೆ ನನ್ನ ಒಂದೇ ಒಂದು ಯೋಧರ ತುಕಡಿ ಗುಡ್ಡದಾಚೆ ನೆಲ ಹುಡುಕುತ್ತಿತ್ತು. ಶಿಬಿರದ ಹತ್ತಿರ ಕುದುರೆಗಳಿದ್ದವು, ಹಾಗಾಗಿ ದಾಳಿಗೆ ಬಂದವರು ಸವಾರರು. ಹೊಳೆಗೆ ಎರಡೇ ಹೆಜ್ಜೆ ಇದೆ ಅನ್ನುವಾಗ ಸೆಟ್ಲರನ್ನು ಹಿಡಿದುಕೊಂಡು ಹೋದರು.

ಕೊನೆಗೆ ಇನ್ನೊಬ್ಬ ಸೆಟ್ಲರಿನ ಜೊತೆಗೆ ಈಟಿಯವರನ್ನು ಕಳಿಸಿ ಆ ತಿರುವಿನಲ್ಲೇ ಊರು ಕಟ್ಟಿದೆ. ಆಮೇಲೆ ನೆರೆ ಬಂತು. 1991ರ ಆಟದಲ್ಲೂ ಹೊಳೆದಂಡೆಯ ಊರಿಗೆ ನೆರೆಯ ಭಯವಿತ್ತು, ಕೋಟೆಗೋಡೆ ಇದ್ದರೆ ಬಚಾವು. ಆರನೆಯ ಆಟಕ್ಕೆ 2019ರಲ್ಲಿ ಬಂದ ‘ಗ್ಯಾದರಿಂಗ್ ಸ್ಟಾರ್ಮ್’ ವಿಸ್ತರಣೆ ಆ ಭಯವನ್ನು ಮತ್ತೆ ತಂದಿತು, ಜೊತೆಗೆ ನೆರೆ ಬಿಟ್ಟುಹೋಗುವ ಮೆಕ್ಕಲು ಮಣ್ಣನ್ನೂ. ನನ್ನ ಹೊಲ ಹಾಳಾಯಿತು. ಬಿಲ್ಡರ್‌ನನ್ನು ಕಳಿಸಿ ಸರಿಮಾಡಿಸಿ ನೋಡಿದರೆ, ಅದೇ ನೆಲದಲ್ಲಿ ಒಂದು ಪಾಲು ಅನ್ನ ಹೆಚ್ಚಾಗಿತ್ತು.