ನೆಲದಡಿಯ ಟ್ಯಾಂಕು: ಬೆಂಗಳೂರು ಗ್ರಾಮಾಂತರದಲ್ಲಿ ಮನೆಯ ಶೌಚಗುಂಡಿಯ ಚರಿತ್ರೆ

1986ರಲ್ಲಿ ಅವಿಭಜಿತ ಬೆಂಗಳೂರು ಜಿಲ್ಲೆಯಿಂದ ಬೇರ್ಪಟ್ಟ ಬೆಂಗಳೂರು ಗ್ರಾಮಾಂತರ ಜಿಲ್ಲೆ, 2007ರಲ್ಲಿ ರಾಮನಗರ ಜಿಲ್ಲೆ ರಚನೆಯಾದ ಬಳಿಕ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳಿಗೆ ಸೀಮಿತವಾಯಿತು. ಇದೇ ಅವಧಿಯಲ್ಲಿ ಇಲ್ಲಿ ಕೈಗಾರಿಕಾ ಪ್ರದೇಶಗಳು ಬೆಳೆದವು, ರಾಗಿ ಹೊಲಗಳು ಬಡಾವಣೆಗಳಾದವು, 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಕಾರ್ಯಾರಂಭ ಮಾಡಿತು. ಆದರೆ ಮನೆಗಳ ಕೊಳಚೆಯನ್ನು ನೆಲದಡಿಯ ಕೊಳವೆಗಳ ಮೂಲಕ ಶುದ್ಧೀಕರಣ ಘಟಕಕ್ಕೆ ಒಯ್ಯುವ ಒಳಚರಂಡಿ, ಅಂದರೆ ಜನ ಯುಜಿಡಿ ಎಂದು ಕರೆಯುವ ವ್ಯವಸ್ಥೆ, ಈ ಬೆಳವಣಿಗೆಯ ವೇಗಕ್ಕೆ ಹೆಜ್ಜೆ ಹಾಕಲಿಲ್ಲ. ಹಾಗಾಗಿ ಹಳ್ಳಿಗಳ ಮತ್ತು ಹೊಸ ಬಡಾವಣೆಗಳ ಬಹುಪಾಲು ಮನೆಗಳು ತಮ್ಮ ನಿವೇಶನದೊಳಗೇ ತೋಡಿಕೊಂಡ ಗುಂಡಿಯನ್ನೋ ಸೆಪ್ಟಿಕ್ ಟ್ಯಾಂಕನ್ನೋ ನೆಚ್ಚಿಕೊಂಡವು. ಯುಜಿಡಿ ಬರುವವರೆಗಿನ ತಾತ್ಕಾಲಿಕ ಏರ್ಪಾಡೆಂದು ಭಾವಿಸಿದ್ದ ಈ ಗುಂಡಿಗಳು ಶಾಶ್ವತವಾಗಿಯೇ ಉಳಿದವು. ಅವುಗಳ ಬಹುತೇಕ ದೋಷಗಳಿಗೂ ಈ ತಾತ್ಕಾಲಿಕತೆಯ ಭಾವನೆಯೇ ಮೂಲವೆನ್ನಬೇಕು.

ಟ್ಯಾಂಕು ಬರುವ ಮೊದಲು ಹಳ್ಳಿಗಳ ಜನ ಬಯಲಿಗೆ ಹೋಗುತ್ತಿದ್ದರು. ಪಟ್ಟಣಗಳ ಕಕ್ಕಸುಗಳು ನೀರಿಲ್ಲದ ಒಣ ಕಕ್ಕಸುಗಳಾಗಿದ್ದು, ಅಲ್ಲಿ ಸಂಗ್ರಹವಾದ ಮಲವನ್ನು ಜಾತಿಯ ಕಾರಣಕ್ಕೆ ಆ ಕೆಲಸಕ್ಕೆ ದೂಡಲ್ಪಟ್ಟ ಜನ ಪ್ರತಿದಿನ ಬಳಿದು, ತಲೆಯ ಮೇಲೆ ಹೊತ್ತು ಊರಾಚೆಗೆ ಸಾಗಿಸಬೇಕಾಗಿತ್ತು. 1898ರ ಪ್ಲೇಗಿನ ನಂತರ ಬೆಂಗಳೂರಿನಲ್ಲಿ ರೂಪುಗೊಂಡ ಬಸವನಗುಡಿ, ಮಲ್ಲೇಶ್ವರಗಳಂಥ ಆದರ್ಶ ಬಡಾವಣೆಗಳಲ್ಲಿಯೂ ಮನೆಗಳ ಹಿಂಭಾಗದಲ್ಲಿ ಕನ್ಸರ್ವೆನ್ಸಿ ಎಂಬ ಓಣಿಗಳನ್ನು ಬಿಡಲಾಗಿತ್ತು; ಮಲ ಹೊರುವವರು ಮನೆಯವರ ಕಣ್ಣಿಗೆ ಬೀಳದೆ ಬಂದು ಹೋಗುವಂತೆ ಮಾಡಿದ್ದ ಈ ಓಣಿಗಳು ಅಂದಿನ ನಗರ ಯೋಜನೆಯೊಳಗೆ ಅಸ್ಪೃಶ್ಯತೆ ಹೇಗೆ ಬೆರೆತಿತ್ತೆಂಬುದಕ್ಕೆ ಸಾಕ್ಷಿಯಾಗಿವೆ. ದೇವರಾಜ ಅರಸು ಅವರ ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದ ಆರಂಭದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ್ದು ಕರ್ನಾಟಕದ ಸಾಮಾಜಿಕ ಚರಿತ್ರೆಯ ದೊಡ್ಡ ತಿರುವುಗಳಲ್ಲೊಂದು. ಒಣ ಕಕ್ಕಸುಗಳ ನಿರ್ಮಾಣವನ್ನು ನಿಷೇಧಿಸುವ ಕೇಂದ್ರ ಕಾಯ್ದೆ ಬಂದದ್ದು ಅದಾಗಿ ಸುಮಾರು ಎರಡು ದಶಕಗಳ ಮೇಲೆ, 1993ರಲ್ಲಿ.

ಸೆಪ್ಟಿಕ್ ಟ್ಯಾಂಕಿನ ಮೂಲ ಯುರೋಪಿನದು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಫ್ರಾನ್ಸಿನ ಮೂರಾಸ್ ಎಂಬವರು ಮನೆಯ ಕೊಳಚೆಯನ್ನು ಮುಚ್ಚಿದ ತೊಟ್ಟಿಯಲ್ಲಿ ನಿಲ್ಲಿಸಿದರೆ ಅದರ ಘನಭಾಗ ಬಹುಮಟ್ಟಿಗೆ ಕರಗುವುದನ್ನು ಕಂಡುಕೊಂಡರು. 1895ರ ಸುಮಾರಿಗೆ ಇಂಗ್ಲೆಂಡಿನ ಎಕ್ಸೆಟರ್ ನಗರದ ಡೊನಾಲ್ಡ್ ಕ್ಯಾಮರನ್ ಅಂಥದೇ ತೊಟ್ಟಿಯನ್ನು ನಿರ್ಮಿಸಿ ಸೆಪ್ಟಿಕ್ ಟ್ಯಾಂಕ್ ಎಂಬ ಹೆಸರಿಟ್ಟರು. ತೊಟ್ಟಿಯೊಳಗೆ ಭಾರವಾದ ಮಲಾಂಶ ಗಸಿಯಾಗಿ ತಳಕ್ಕಿಳಿಯುತ್ತದೆ, ಜಿಡ್ಡು ಮೇಲೆ ತೇಲಿ ಕೆನೆಗಟ್ಟುತ್ತದೆ, ಗಾಳಿಯ ಅಗತ್ಯವಿಲ್ಲದ ಸೂಕ್ಷ್ಮಜೀವಿಗಳು ಗಸಿಯನ್ನು ನಿಧಾನವಾಗಿ ಜೀರ್ಣಿಸುತ್ತವೆ ಮತ್ತು ನಡುವಿನ ನೀರು ಮಾತ್ರ ಕೊಳವೆಯ ಮೂಲಕ ಹೊರಹೋಗುತ್ತದೆ. ಹೀಗೆ ಹೊರಬರುವ ನೀರಿನಲ್ಲಿ ರೋಗಾಣುಗಳು ಇನ್ನೂ ಇರುವುದರಿಂದ ಅದು ಇಂಗುಗುಂಡಿಯ ಮೂಲಕ ಮಣ್ಣಿನ ಪದರಗಳಲ್ಲಿ ಸೋಸಿಹೋಗಬೇಕು. ಟ್ಯಾಂಕು ಮಾಡುವುದು ಅರ್ಧ ಕೆಲಸ, ಉಳಿದರ್ಧ ಮಣ್ಣಿನದು.

ಈ ವಿದ್ಯೆಗೆ ಬೆಂಗಳೂರಿನ ಕೊಡುಗೆ ಸಣ್ಣದಲ್ಲ. ಕೊಳಚೆ ಶುದ್ಧೀಕರಣದ ಆಧುನಿಕ ವಿಧಾನವನ್ನು ರೂಪಿಸಿದವರಲ್ಲಿ ಒಬ್ಬರಾದ ಗಿಲ್ಬರ್ಟ್ ಫೌಲರ್ 1916ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಸಿ. ಎನ್. ಆಚಾರ್ಯ ಅವರು 1939ರಲ್ಲಿ ಬೆಂಗಳೂರಿನಲ್ಲಿ ರೂಪಿಸಿದ ಗೊಬ್ಬರದ ಕ್ರಮದಲ್ಲಿ ಊರಿನ ಕಸವನ್ನೂ ಮಲವನ್ನೂ ಕಂದಕದಲ್ಲಿ ಪದರ ಪದರವಾಗಿ ಹರಡಿ, ಮೇಲೆ ಮುಚ್ಚಿ, ಕೆದಕದೆ ತಿಂಗಳುಗಟ್ಟಲೆ ಬಿಡಲಾಗುತ್ತಿತ್ತು; ಅದು ಇಂದಿಗೂ ಕೃಷಿಗ್ರಂಥಗಳಲ್ಲಿ ಬೆಂಗಳೂರು ವಿಧಾನವೆಂದೇ ಪ್ರಸಿದ್ಧವಾಗಿದೆ. ಮಲವನ್ನು ಮಣ್ಣಿಗೆ ಗೊಬ್ಬರವಾಗಿ ಮರಳಿಸಬೇಕೆಂಬ ಈ ಕಾಳಜಿ ಮುಂದಿನ ದಶಕಗಳಲ್ಲಿ ಮನೆ ಕಟ್ಟುವವರ ಲೆಕ್ಕದಿಂದ ಸಂಪೂರ್ಣವಾಗಿ ಬಿಟ್ಟುಹೋಯಿತು.

ಟ್ಯಾಂಕಿಗೆ ನೀರು ಬೇಕು. ಕೊಳವೆಬಾವಿ ಮತ್ತು ನಲ್ಲಿಗಳು ಬಂದು, ಮನೆಯೊಳಗೆ ನೀರು ಸುರಿಯುವ ಕಕ್ಕಸು ಸಾಧ್ಯವಾದ ಮೇಲೆಯೇ ಗ್ರಾಮಾಂತರದಲ್ಲಿ ಗುಂಡಿಗಳು ಹೆಚ್ಚಿದವು. 1986ರ ಕೇಂದ್ರ ಗ್ರಾಮೀಣ ನೈರ್ಮಲ್ಯ ಕಾರ್ಯಕ್ರಮದಿಂದ 2014ರ ಸ್ವಚ್ಛ ಭಾರತದವರೆಗಿನ ಯೋಜನೆಗಳು ಅದಕ್ಕೆ ಸಹಾಯಧನ ನೀಡಿದವು. ಭಾರತೀಯ ಮಾನಕ ಸಂಸ್ಥೆಯ ಐಎಸ್ 2470 ಸಂಹಿತೆ, ಅದರ 1985ರ ಪರಿಷ್ಕೃತ ರೂಪದಲ್ಲಿ, ಐದು ಜನರ ಕುಟುಂಬಕ್ಕೆ 1.5 ಮೀಟರ್ ಉದ್ದ, 0.75 ಮೀಟರ್ ಅಗಲ ಮತ್ತು ಸುಮಾರು 1 ಮೀಟರ್ ನೀರಿನ ಆಳದ, ನೀರು ಸೋರದ ತೊಟ್ಟಿ ಸಾಕೆನ್ನುತ್ತದೆ. ಇಲ್ಲಿ ರೂಢಿಗೆ ಬಂದದ್ದು ಬೇರೆಯೇ ರಚನೆ: ಹತ್ತು ಹದಿನೈದು ಅಡಿ ಗುಂಡಿ ತೋಡಿ, ಸುತ್ತಲೂ ಸೈಜುಗಲ್ಲುಗಳನ್ನು ಸಂದಿಗೆ ಗಾರೆ ಹಾಕದೆ ಪೇರಿಸಿ ಅಥವಾ ಸಿಮೆಂಟ್ ರಿಂಗುಗಳನ್ನು ಒಂದರ ಮೇಲೊಂದು ಇಳಿಸಿ, ತಳವನ್ನು ಮಣ್ಣಾಗಿಯೇ ಬಿಟ್ಟು, ಮೇಲೆ ಕಲ್ಲು ಚಪ್ಪಡಿ ಎಳೆದು ಮುಚ್ಚಲಾಗುತ್ತದೆ. ಎಷ್ಟು ಆಳ ತೋಡಿದರೆ ಅಷ್ಟು ವರ್ಷ ತುಂಬುವುದಿಲ್ಲ ಎಂಬುದು ಮೇಸ್ತ್ರಿಗಳ ಲೆಕ್ಕ. ಚಪ್ಪಡಿಯ ಮೇಲೆ ಟೈಲ್ಸ್ ಹಾಸಿ ಕಾರು ನಿಲ್ಲಿಸುವ ಜಾಗ ಮಾಡಿದ ಮನೆಗಳಲ್ಲಿ, ಗುಂಡಿ ಕಟ್ಟಿಕೊಂಡ ದಿನ ಮುಚ್ಚಳ ಎಲ್ಲಿದೆಯೆಂದು ಹುಡುಕಿ ಟೈಲ್ಸ್ ಒಡೆಯಬೇಕಾಗುತ್ತದೆ. ಇಂಥ ಗುಂಡಿಯನ್ನು ಸೆಪ್ಟಿಕ್ ಟ್ಯಾಂಕೆಂದು ಕರೆಯುವ ವಾಡಿಕೆಯಿದ್ದರೂ ಅದರಲ್ಲಿ ಕೊಳಚೆ ನಿಲ್ಲುವುದಿಲ್ಲ, ನೇರವಾಗಿ ನೆಲಕ್ಕಿಳಿಯುತ್ತದೆ.

ಗುಂಡಿಯ ಜಾಗವನ್ನು ನಿರ್ಧರಿಸಿದ್ದು ಸಂಹಿತೆಗಿಂತ ಹೆಚ್ಚಾಗಿ ವಾಸ್ತು. ಪ್ರಚಲಿತ ವಾಸ್ತುವಿನಂತೆ ಸಂಪು ಮತ್ತು ಕೊಳವೆಬಾವಿಗೆ ಈಶಾನ್ಯ ಮೂಲೆ, ಶೌಚಗುಂಡಿಗೆ ವಾಯವ್ಯ. ಕುಡಿಯುವ ನೀರನ್ನೂ ಕೊಳಚೆಯನ್ನೂ ದೂರವಿಡಬೇಕೆಂಬ ವಿವೇಕ ಇದರಲ್ಲಿದೆ. ದೊಡ್ಡ ಹಿತ್ತಿಲುಗಳ ಕಾಲಕ್ಕೆ ಅದು ಸಾಕಾಗಿತ್ತು. ಮೂವತ್ತು ನಲವತ್ತರ ನಿವೇಶನದಲ್ಲಿ ಮಾತ್ರ ಲೆಕ್ಕ ಕೂಡುವುದಿಲ್ಲ. ಇಂಗುಗುಂಡಿಗೂ ಕುಡಿಯುವ ನೀರಿನ ಬಾವಿಗೂ ಕನಿಷ್ಠ 18 ಮೀಟರ್, ಅಂದರೆ ಸುಮಾರು 59 ಅಡಿ ಅಂತರವಿರಬೇಕೆಂದು ಸಂಹಿತೆ ಹೇಳಿದರೆ, ಈ ನಿವೇಶನದ ಈಶಾನ್ಯದಿಂದ ವಾಯವ್ಯಕ್ಕೆ ಇರುವುದು 30 ಅಥವಾ 40 ಅಡಿ. ಕರ್ಣರೇಖೆ ಎಳೆದರೂ 50 ಅಡಿ ಮೀರದು. ಇನ್ನೂ ಗಂಭೀರವಾದ ಸಂಗತಿಯೆಂದರೆ, ಅಕ್ಕಪಕ್ಕದ ಮನೆಯವರೆಲ್ಲರೂ ಒಂದೇ ನಿಯಮವನ್ನು ಪಾಲಿಸಿದಾಗ ಒಂದು ಮನೆಯ ವಾಯವ್ಯದ ಗುಂಡಿ ಪಶ್ಚಿಮದ ನೆರೆಮನೆಯ ಈಶಾನ್ಯದ ಕೊಳವೆಬಾವಿಗೆ ಕಾಂಪೌಂಡ್ ಗೋಡೆಯಷ್ಟೇ ಅಂತರದಲ್ಲಿ ಬರುತ್ತದೆ. ಜಿಲ್ಲೆಯ ನೆಲ ಗಟ್ಟಿಶಿಲೆಯದು. ಮೇಲಿನ ಶಿಥಿಲ ಪದರವನ್ನು ದಾಟಿದ ಕೊಳಚೆ ಬಂಡೆಯ ಬಿರುಕುಗಳಲ್ಲಿ ಸೋಸದೆಯೇ ಹರಿಯಬಲ್ಲದು. ಮಲಮೂತ್ರದ ಸಾರಜನಕದಿಂದ ಉಂಟಾಗುವ ನೈಟ್ರೇಟ್ ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ಮಾನಕವಿದೆ. ನೀರನ್ನು ಕುದಿಸಿದರೆ ರೋಗಾಣು ಸಾಯುತ್ತದೆಯೇ ಹೊರತು ನೈಟ್ರೇಟ್ ಹೋಗುವುದಿಲ್ಲ.

ಗುಂಡಿ ತುಂಬಿದಾಗ ಅದನ್ನು ಖಾಲಿ ಮಾಡುವ ಕೆಲಸ ಹಿಂದೆ ಮಲ ಹೊರುತ್ತಿದ್ದ ಸಮುದಾಯಗಳ ಮೈಮೇಲೆಯೇ ಮತ್ತೆ ಬಿತ್ತು. ಟ್ಯಾಂಕಿನೊಳಗೆ ಆಮ್ಲಜನಕ ಕಡಿಮೆ, ಹೈಡ್ರೋಜನ್ ಸಲ್ಫೈಡ್‌ನಂಥ ವಿಷಾನಿಲ ಹೆಚ್ಚು. ಇಳಿದವರು ಕ್ಷಣಗಳಲ್ಲಿ ಪ್ರಜ್ಞೆ ತಪ್ಪುತ್ತಾರೆ, ರಕ್ಷಿಸಲು ಇಳಿದವರೂ ಸಾಯುತ್ತಾರೆ. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಟ್ಯಾಂಕಿಗಿಳಿಸುವುದನ್ನು 2013ರ ಕಾಯ್ದೆ ಅಪರಾಧವಾಗಿಸಿತು; ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2014ರಲ್ಲಿ ಆದೇಶಿಸಿದ ಸುಪ್ರೀಂ ಕೋರ್ಟ್, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಈ ಸಾವುಗಳಲ್ಲಿ ಒಂದಾದರೂ ಅನಿವಾರ್ಯವಾಗಿರಲಿಲ್ಲ. ಗಸಿಯನ್ನು ಹೀರುವ ಲಾರಿಗಳು ಬೆಂಗಳೂರಿನ ಸುತ್ತಮುತ್ತ ಬಳಕೆಗೆ ಬಂದಿದ್ದವು. ಅವು ಹೀರಿದ್ದನ್ನು ಕೆರೆಯಂಗಳಕ್ಕೋ ರಾಜಕಾಲುವೆಗೋ ಸುರಿಯುವುದೂ ಇತ್ತು, ದೊಡ್ಡಬಳ್ಳಾಪುರದ ಕಡೆಯ ಕೆಲವು ರೈತರು ಅದನ್ನು ಹೊಲದಲ್ಲಿ ಒಣಗಿಸಿ ಬಾಳೆ, ತೆಂಗಿಗೆ ಗೊಬ್ಬರವಾಗಿ ಬಳಸುವುದೂ ಇತ್ತು. ಗೊಬ್ಬರದ ಗುಣವನ್ನು ರೈತರು ಸರಿಯಾಗಿಯೇ ಗುರುತಿಸಿದ್ದರು. ಹಸಿ ಗಸಿಯಲ್ಲಿ ಉಳಿಯುವ ಜಂತುಹುಳುವಿನ ಮೊಟ್ಟೆಗಳೇ ಅಪಾಯ.

ಈ ಸರಪಳಿಯ ಕೊನೆಯ ಕೊಂಡಿ ಕೂಡಿಕೊಂಡದ್ದು ದೇವನಹಳ್ಳಿಯಲ್ಲಿ. ಒಳಚರಂಡಿಯಿಲ್ಲದ ಈ ಪಟ್ಟಣದಲ್ಲಿ ಪುರಸಭೆ, ಬೆಂಗಳೂರಿನ ಸಿಡಿಡಿ ಸೊಸೈಟಿ ಎಂಬ ಸಂಸ್ಥೆಯ ನೆರವಿನಿಂದ, ಸೆಪ್ಟಿಕ್ ಟ್ಯಾಂಕುಗಳ ಗಸಿಗಾಗಿಯೇ ಒಂದು ಸಂಸ್ಕರಣಾ ಘಟಕವನ್ನು 2015ರಲ್ಲಿ ಆರಂಭಿಸಿತು; ದೇಶದಲ್ಲಿ ಇಂಥ ಮೊದಲ ಘಟಕವೆಂದು ಇದು ಹೆಸರಾಗಿದೆ. ದಿನಕ್ಕೆ 6,000 ಲೀಟರ್ ಸಾಮರ್ಥ್ಯದ ಈ ಘಟಕದಲ್ಲಿ ಲಾರಿ ತಂದ ಗಸಿ ಇಳಿಜಾರಿನ ಬಲದಿಂದಲೇ ತೊಟ್ಟಿಯಿಂದ ತೊಟ್ಟಿಗೆ ಸಾಗಿ ಜೀರ್ಣವಾಗುತ್ತದೆ, ಮರಳು ಜಲ್ಲಿಯ ಹಾಸುಗಳ ಮೇಲೆ ಒಣಗುತ್ತದೆ, ಬಸಿದ ನೀರು ಬೇರೆಯಾಗಿ ಶುದ್ಧಗೊಳ್ಳುತ್ತದೆ. ಒಣಗಿದ ಗಸಿಯನ್ನು ಪಟ್ಟಣದ ಹಸಿ ಕಸದೊಂದಿಗೆ ಕೊಳೆಸಿ ಗೊಬ್ಬರ ಮಾಡಲಾಗುತ್ತದೆ. ಆಚಾರ್ಯರ ವಿಧಾನದ ತಿರುಳೇ ಇಲ್ಲಿ ಹೊಸ ರೂಪದಲ್ಲಿ ಮರಳಿದೆ. 2017ರಲ್ಲಿ ಕೇಂದ್ರ ಸರ್ಕಾರ ಮಲಗಸಿ ನಿರ್ವಹಣೆಗೆ ರಾಷ್ಟ್ರೀಯ ನೀತಿಯನ್ನೇ ಪ್ರಕಟಿಸಿತು.

ಘಟಕವಿದ್ದರೂ ಗಸಿ ಅಲ್ಲಿಗೆ ತಲುಪಬೇಕಾದರೆ ಮೊದಲು ಅದು ಟ್ಯಾಂಕಿನಲ್ಲಿ ನಿಲ್ಲಬೇಕು. ಆದ್ದರಿಂದ ಜಿಲ್ಲೆಯಲ್ಲಿ ಹೊಸದಾಗಿ ಮನೆ ಕಟ್ಟುವವರು ಟ್ಯಾಂಕಿನ ತಳಕ್ಕೂ ಗೋಡೆಗೂ ಸೋರದಂತೆ ಗಾರೆ ಮಾಡಿಸಬೇಕು, ತಮ್ಮ ಕೊಳವೆಬಾವಿಯ ಜೊತೆಗೆ ನೆರೆಯವರ ಕೊಳವೆಬಾವಿಯನ್ನೂ ನೋಡಿ ಜಾಗ ಗುರುತಿಸಬೇಕು, ಮುಚ್ಚಳವನ್ನು ಟೈಲ್ಸ್‌ನಡಿ ಹೂಳದೆ ಕೈಗೆ ಸಿಗುವಂತೆ ಬಿಡಬೇಕು, ತುಂಬಿ ಕಟ್ಟಿಕೊಳ್ಳುವವರೆಗೆ ಕಾಯದೆ ಎರಡು ಮೂರು ವರ್ಷಕ್ಕೊಮ್ಮೆ ಹೀರುವ ಲಾರಿಯನ್ನು ಕರೆಸಬೇಕು ಮತ್ತು ಯಾವ ಕಾರಣಕ್ಕೂ ಅದರೊಳಗೆ ಮನುಷ್ಯರನ್ನು ಇಳಿಸಬಾರದು.