ಊಟಿಯ ಕಲ್ ಬಂಗಲೆ

ಊಟಿಗೆ ಒಮ್ಮೆಯೂ ಹೋಗದ ಕನ್ನಡಿಗರು ಕಡಿಮೆ. ಬೊಟಾನಿಕಲ್ ಗಾರ್ಡನ್, ಕೆರೆಯಲ್ಲಿ ದೋಣಿ, ದೊಡ್ಡಬೆಟ್ಟ, ಬರುವಾಗ ಒಂದು ಚೀಲ ಕ್ಯಾರೆಟ್ಟು, ಅಲ್ಲಿಗೆ ನಮ್ಮ ಪ್ರವಾಸ ಮುಗಿಯುತ್ತದೆ. ಆದರೆ ಇಂದಿನ ಊಟಿ ಬೆಳೆದದ್ದು ಒಂದು ಮನೆಯ ಸುತ್ತ. ಅದರ ಹೆಸರು ಸ್ಟೋನ್ ಹೌಸ್. ಬೆಟ್ಟದ ಜನ ಅದನ್ನು ಕರೆದದ್ದು ‘ಕಲ್ ಬಂಗಲೆ’ ಎಂದು. ಕನ್ನಡದ ಕಿವಿಗೆ ಈ ಹೆಸರಿಗೆ ಅರ್ಥ ಹೇಳಬೇಕಾಗಿಲ್ಲ.

ಅದಕ್ಕೆ ಕಾರಣವಿದೆ. ನೀಲಗಿರಿಯ ಬಡಗರು ಹಿಂದೆ ಮೈಸೂರು ಸೀಮೆಯಿಂದ ದಕ್ಷಿಣಕ್ಕೆ ಬಂದು ಬೆಟ್ಟ ಹತ್ತಿದವರು. ಬಡಗಣ ದಿಕ್ಕಿನಿಂದ ಬಂದವರಾದ್ದರಿಂದ ಬಡಗರು. ಅವರ ಮಾತು ಕನ್ನಡಕ್ಕೆ ತೀರ ಹತ್ತಿರ. ಅವರ ಊರಿಗೆ ಇಂದಿಗೂ ‘ಹಟ್ಟಿ’ ಎಂದೇ ಹೆಸರು.

1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ನೀಲಗಿರಿ ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ಬೆಟ್ಟ ಹತ್ತಿದ. ಮೊದಲು ಕೋಟಗಿರಿ ಬಳಿಯ ದಿಂಬಟ್ಟಿಯ ಕಡೆ ನೆಲೆ ಮಾಡಿಕೊಂಡ. ಆಮೇಲೆ ತೋಡರ ‘ಮಂದು’ ಇದ್ದ ಜಾಗಕ್ಕೆ ಬಂದು, 1822ರಲ್ಲಿ ಕಲ್ಲಿನ ಮನೆ ಕಟ್ಟಿಸಲು ತೊಡಗಿದ. ಊಟಿಯಲ್ಲಿ ಯುರೋಪಿಯನ್ನರು ಕಟ್ಟಿದ ಮೊದಲ ಮನೆ ಇದು. ಎಕರೆಗೆ ಒಂದು ರೂಪಾಯಿಯಂತೆ ತೋಡರಿಂದ ನೆಲ ಕೊಂಡನೆಂದು ಹೇಳುತ್ತಾರೆ.

ಆ ಬೆಟ್ಟದಲ್ಲಿ ಅದುವರೆಗೆ ಮನೆಯೆಂದರೆ ಹೇಗಿತ್ತು? ತೋಡರ ಮನೆ ಅರ್ಧ ಪೀಪಾಯಿಯನ್ನು ಬೋರಲು ಹಾಕಿದಂತಿರುತ್ತದೆ. ಬಿದಿರನ್ನು ಬಾಗಿಸಿ, ಬೆತ್ತದಿಂದ ಬಿಗಿದು, ಮೇಲೆ ಹುಲ್ಲು ಹೊದಿಸುತ್ತಾರೆ. ಎತ್ತರ ಸುಮಾರು 10 ಅಡಿ, ಉದ್ದ 18 ಅಡಿ. ಬಾಗಿಲು ಮಾತ್ರ ಸುಮಾರು 3 ಅಡಿ. ಮಂಡಿಯೂರಿ ತೆವಳಿಯೇ ಒಳಗೆ ಹೋಗಬೇಕು. ಬಾಗಿಲು ಸಣ್ಣದಾದಷ್ಟೂ ಚಳಿಗಾಳಿ ಕಡಿಮೆ, ಕಾಡುಪ್ರಾಣಿಯ ಭಯವೂ ಕಡಿಮೆ. ಸುತ್ತ ಸಿಗುವ ವಸ್ತುವಿನಿಂದಲೇ ಕಟ್ಟಿದ, ಆ ಹವೆಗೆ ಹೊಂದುವ ಮನೆ ಅದು.

ಕಲ್ ಬಂಗಲೆಯ ಲೆಕ್ಕ ಬೇರೆ. ನಿಂತೇ ಒಳಗೆ ಹೋಗುವ ಬಾಗಿಲು, ಬೆಳಕಿಗೆ ಕಿಟಕಿ, ಕೂರಲು ಕುರ್ಚಿ, ಉಣ್ಣಲು ಮೇಜು, ಮಲಗಲು ಮಂಚ ಬೇಕೆನ್ನುವವರ ಮನೆ. ಸುಮಾರು 2,240 ಮೀಟರ್ ಎತ್ತರದ ಊರು. ಎರಡು ಮಳೆಗಾಲಗಳ ಮಳೆ, ಡಿಸೆಂಬರ್–ಜನವರಿಯಲ್ಲಿ ಹುಲ್ಲಿನ ಮೇಲೆ ಬೆಳ್ಳಗೆ ಬೀಳುವ ಹಿಮ. ಇದನ್ನೆಲ್ಲ ತಡೆಯಲು ಕಲ್ಲಿನ ಗೋಡೆಯೇ ಸರಿ. ಆದರೆ ಒಳಗಿನ ಸಾಮಾನು ಬರುವುದು ಹೇಗೆ? ಗಾಡಿ ಹೋಗುವ ರಸ್ತೆಯೇ ಇರಲಿಲ್ಲ. ಸಿರುಮುಗೈಯಿಂದ ಕೋಟಗಿರಿ ಕಡೆಗೆ ಕುದುರೆ ಹೋಗುವಷ್ಟು ದಾರಿ ಆಗತಾನೇ ಸಿದ್ಧವಾಗುತ್ತಿತ್ತು. ರೈಲು ಊಟಿಗೆ ಬಂದದ್ದು 1908ರಲ್ಲಿ. ಬಯಲಿನಿಂದ ಬರಬೇಕಾದ ಪ್ರತಿಯೊಂದು ವಸ್ತುವನ್ನೂ ಜನರ ಹೆಗಲು, ದನಗಳ ಬೆನ್ನೇ ಹೊರಬೇಕಿತ್ತು. ಅವರ ಹೆಸರನ್ನು ಯಾರೂ ಬರೆದಿಡಲಿಲ್ಲ.

ಆ ಮನೆಗೆ ಬಂದವಳು ಸಲಿವನ್‌ನ ಹೆಂಡತಿ ಹೆನ್ರಿಯೆಟ್ಟಾ. ನೀಲಗಿರಿಯಲ್ಲಿ ಸಂಸಾರ ಹೂಡಿದ ಮೊದಲ ಯುರೋಪಿಯನ್ ಹೆಂಗಸು ಆಕೆ. ಗಂಡನ ಹೆಸರು ಊರಿನ ಚರಿತ್ರೆಯಲ್ಲಿ ಎಲ್ಲೆಲ್ಲೂ ಇದೆ: ಕೆರೆ ಕಟ್ಟಿಸಿದವನು, ಆಲೂಗಡ್ಡೆ, ಎಲೆಕೋಸು ಬೆಳೆಸಿದವನು, ತೋಡರಿಗೆ ನೆಲದ ಹಕ್ಕು ಇದೆಯೆಂದು ಕಂಪನಿಯೆದುರು ವಾದಿಸಿದವನು. ಮನೆಯ ಮುಂದಿನ ಓಕ್ ಮರಕ್ಕೂ ಅವನದೇ ಹೆಸರು. ಹೆಂಡತಿಯ ಹೆಸರು ಸಿಗುವುದು ಸಮಾಧಿಯ ಕಲ್ಲಿನ ಮೇಲೆ. 1838ರಲ್ಲಿ ಆಕೆ ತೀರಿಕೊಂಡಳು. ಅದೇ ವರ್ಷ ಮಗಳು ಹ್ಯಾರಿಯೆಟ್ ಕೂಡ. ಆರೋಗ್ಯಕ್ಕೆ ಒಳ್ಳೆಯದೆಂದು ಹೆಸರಾದ ಊರಿನಲ್ಲಿಯೇ ತಾಯಿ ಮಗಳು ಮಣ್ಣಾದರು.

ಅವರ ಸಮಾಧಿ ಇರುವುದು ಸೇಂಟ್ ಸ್ಟೀಫನ್ಸ್ ಚರ್ಚಿನಲ್ಲಿ. ಈ ಚರ್ಚಿಗೆ 1829ರಲ್ಲಿ ಅಡಿಗಲ್ಲು ಹಾಕಿದರು. ಒಳಗೆ ಹೋಗಿ ತಲೆಯೆತ್ತಿ ನೋಡಿದರೆ ತೇಗದ ದೊಡ್ಡ ತೊಲೆಗಳು ಕಾಣುತ್ತವೆ. ಅವು ಶ್ರೀರಂಗಪಟ್ಟಣದಲ್ಲಿದ್ದ ಟಿಪ್ಪುವಿನ ಲಾಲ್‌ಬಾಗ್ ಅರಮನೆಯವು. ಅರಮನೆಯನ್ನು ಕೆಡವಿ, ಮರವನ್ನು ಬೆಟ್ಟದ ಮೇಲಕ್ಕೆ ಸಾಗಿಸಿದರು. ನಮ್ಮ ಕಾವೇರಿ ತೀರದ ಮನೆಯೊಂದರ ತೊಲೆ ಈಗ ನೀಲಗಿರಿಯಲ್ಲಿ ಬೇರೆ ದೇವರ ಮನೆಯ ಸೂರು ಹೊತ್ತಿದೆ.

ಕಲ್ ಬಂಗಲೆಯೂ ಮನೆಯಾಗಿ ಉಳಿಯಲಿಲ್ಲ. ಮದ್ರಾಸ್ ಸರ್ಕಾರ 1870ರಿಂದ ಬೇಸಿಗೆಗೆ ಊಟಿಗೆ ಬರತೊಡಗಿದಾಗ ಸ್ಟೋನ್ ಹೌಸ್ ಗುಡ್ಡ ಕಚೇರಿಗಳ ಗುಡ್ಡವಾಯಿತು. 1955ರಲ್ಲಿ ಸರ್ಕಾರಿ ಕಲಾ ಕಾಲೇಜು ಶುರುವಾಯಿತು. ಕಲ್ ಬಂಗಲೆ ಈಗ ಆ ಕಾಲೇಜಿನದು. ಒಬ್ಬ ಅಧಿಕಾರಿಯ ಕುಟುಂಬಕ್ಕಾಗಿ ಎದ್ದ ಗೋಡೆಗಳ ಸುತ್ತ ಇಂದು ಬೆಟ್ಟದ ಹಟ್ಟಿಗಳ ಹೆಣ್ಣುಮಕ್ಕಳು ಪುಸ್ತಕ ಹಿಡಿದು ಓಡಾಡುತ್ತಾರೆ. ಆ ಮನೆಗೆ ಇದಕ್ಕಿಂತ ಒಳ್ಳೆಯ ಉಪಯೋಗ ಇನ್ನೇನಿದೆ?

ತೋಡರ ಹುಲ್ಲಿನ ಮನೆಗಳು ಈಗ ಬೆರಳೆಣಿಕೆಯಷ್ಟು. ಆದರೆ ತೋಡ ಹೆಂಗಸರು ಬಿಳಿ ಬಟ್ಟೆಯ ಮೇಲೆ ಕೆಂಪು, ಕಪ್ಪು ನೂಲಿನಲ್ಲಿ ಹಾಕುವ ಕಸೂತಿ ಉಳಿದಿದೆ. 2013ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಮುಂದಿನ ಸಲ ಊಟಿಗೆ ಹೋದಾಗ ಕ್ಯಾರೆಟ್ಟಿನ ಜೊತೆ ಅದನ್ನೂ ಕೊಂಡು ತನ್ನಿ. ಚರ್ಚಿನ ಹಿಂದೆ ಸಮಾಧಿಗಳ ನಡುವೆ ಹೆನ್ರಿಯೆಟ್ಟಾಳ ಕಲ್ಲನ್ನು ಹುಡುಕಿ, ಒಂದು ನಿಮಿಷ ನಿಂತು ಬನ್ನಿ.